ಒಂದು ಸಾಲೂ ಉಳಿಯದ ಮಾತುಗಾತಿ

ನೆರೆಮನೆಯವಳ ಚಿನ್ನ ನಿನ್ನದಕ್ಕಿಂತ ಮೇಲಾಗಿದ್ದರೆ ನಿನಗೆ ಯಾವುದು ಬೇಕು ಎಂದು ಆಕೆ ಕೇಳಿದಳು. ಅವಳದೇ ಎಂದಳು ಗೃಹಿಣಿ. ಉಡುಪು? ಅದೂ ಅವಳದೇ. ಹಾಗಾದರೆ ಅವಳ ಗಂಡ ನಿನ್ನ ಗಂಡನಿಗಿಂತ ಉತ್ತಮನಾಗಿದ್ದರೆ? ಗೃಹಿಣಿಯ ಮುಖ ಕೆಂಪೇರಿತು. ಕುದುರೆ, ಹೊಲ ಎಂದು ಶುರುಮಾಡಿ ಕೊನೆಗೆ ಹೆಂಡತಿಯ ಮಾತೆತ್ತಿದಾಗ ಗಂಡನ ಬಾಯೂ ಕಟ್ಟಿತು. ಇಬ್ಬರೂ ಬಯಸುವುದು ಎಲ್ಲರಿಗಿಂತ ಉತ್ತಮ ಸಂಗಾತಿಯನ್ನೇ. ಹಾಗಿದ್ದ ಮೇಲೆ ಮೊದಲು ನೀವೇ ಅಂಥವರಾಗಬೇಕು ಎಂದು ಆಕೆ ಮಾತು ಮುಗಿಸಿದಳು.

ಆಕೆ ಅಸ್ಪೇಸಿಯಾ. ಸಾಕ್ರೆಟಿಸನ ಶಿಷ್ಯ ಈಸ್ಕಿನೀಸ್ ಬರೆದ ಸಂವಾದದ ಈ ತುಣುಕು ನಮಗೆ ದಕ್ಕಿರುವುದು ರೋಮಿನ ಸಿಸೆರೊ ಅದನ್ನು ಲ್ಯಾಟಿನ್ನಿಗೆ ತಂದದ್ದರಿಂದ. ಆಕೆಯೇ ಬರೆದ ಒಂದು ಸಾಲೂ ಇಂದು ಉಳಿದಿಲ್ಲ.

ಅಸ್ಪೇಸಿಯಾ ಹುಟ್ಟಿದ್ದು ಈಗಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿದ್ದ ಮಿಲೆಟಸ್‌ನಲ್ಲಿ, ತತ್ವಜ್ಞಾನಿ ಥೇಲೀಸನ ಊರಿನಲ್ಲಿ. ಕ್ರಿ.ಪೂ. ಐದನೆಯ ಶತಮಾನದ ನಡುಭಾಗದಲ್ಲಿ ಅಥೆನ್ಸಿಗೆ ಬಂದು, ಅಲ್ಲಿನ ಮಹಾನಾಯಕ ಪೆರಿಕ್ಲೀಸನೊಂದಿಗೆ ಬಾಳಿದಳು. ಮನೆಯಿಂದ ಹೊರಡುವಾಗಲೂ ಮರಳಿದಾಗಲೂ ಆತ ಆಕೆಗೆ ಮುತ್ತಿಡುತ್ತಿದ್ದನೆಂಬ ಸುದ್ದಿ ಐದು ಶತಮಾನಗಳ ನಂತರ ಪ್ಲುಟಾರ್ಕನ ಬರಹಕ್ಕೂ ಬಂತು.

ಆದರೆ ತಂದೆ ತಾಯಿ ಇಬ್ಬರೂ ಅಥೆನ್ಸಿನವರಾದ ಮಕ್ಕಳಿಗೆ ಮಾತ್ರ ಪೌರತ್ವ ಎಂಬ ಕಾನೂನನ್ನು ಕ್ರಿ.ಪೂ. 451ರಲ್ಲಿ ತಂದವನು ಪೆರಿಕ್ಲೀಸನೇ. ಅದು ಅವನ ಹೊಸ್ತಿಲಿಗೇ ಬಂದು ನಿಂತಿತು. ಅಸ್ಪೇಸಿಯಾಳ ಮಗನಿಗೆ ಪೌರತ್ವವಿರಲಿಲ್ಲ. ಮಹಾಮಾರಿಯಲ್ಲಿ ಮೊದಲ ಹೆಂಡತಿಯ ಇಬ್ಬರು ಗಂಡುಮಕ್ಕಳೂ ತೀರಿಕೊಂಡಾಗ ಮುದಿನಾಯಕ ನಗರದ ಮುಂದೆ ಬೇಡಿಕೊಂಡ, ನಗರ ಒಪ್ಪಿತು. ಕ್ರಿ.ಪೂ. 429ರಲ್ಲಿ ಅದೇ ಮಾರಿ ಅವನನ್ನೂ ಒಯ್ದಿತು. ಮಗ ಸೇನಾನಿಯಾದ. ಕ್ರಿ.ಪೂ. 406ರ ಆರ್ಗಿನೂಸೆ ಕಡಲಯುದ್ಧ ಗೆದ್ದರೂ, ಮುಳುಗುತ್ತಿದ್ದವರನ್ನು ಉಳಿಸಲಿಲ್ಲವೆಂಬ ಆರೋಪದಲ್ಲಿ ನಗರ ಅವನಿಗೆ ಮರಣದಂಡನೆ ವಿಧಿಸಿತು.

ಪೆರಿಕ್ಲೀಸನನ್ನು ಚುಚ್ಚಬೇಕೆಂದವರಿಗೆಲ್ಲ ಈ ಪರಸ್ಥಳದ ಹೆಣ್ಣು ಸುಲಭದ ಗುರಿ. ಕ್ರಿ.ಪೂ. 425ರ ತನ್ನ ನಾಟಕದಲ್ಲಿ ಅರಿಸ್ಟೊಫೇನಿಸ್, ಆಕೆಯ ಬಳಿಯಿದ್ದ ಇಬ್ಬರು ವೇಶ್ಯೆಯರ ಅಪಹರಣವೇ ಪೆಲೊಪೊನೀಸಿಯ ಯುದ್ಧದ ಮೂಲ ಎಂದು ಆಡಿಸಿ ನಗಿಸಿದ. ಆ ನಗೆಮಾತನ್ನೇ ಮುಂದಿನವರು ಚರಿತ್ರೆಯೆಂದು ಬರೆದುಕೊಂಡರು. ಇಂದಿಗೂ ಅನೇಕ ಪುಸ್ತಕಗಳಲ್ಲಿ ಆಕೆಯ ಹೆಸರಿನ ಹಿಂದೆಯೇ ‘ಗಣಿಕೆ’ ಎಂಬ ಪದ ಬರುತ್ತದೆ. ಅದಕ್ಕೆ ಮೂಲ ಆಧಾರ ಹಾಸ್ಯಕವಿಗಳ ಬೈಗುಳ. 1995ರಲ್ಲಿ ವಿದ್ವಾಂಸೆ ಮೆಡೆಲೀನ್ ಹೆನ್ರಿ ಈ ಪದರಗಳನ್ನು ಒಂದೊಂದಾಗಿ ಬಿಡಿಸಿ, ಆಕೆಯನ್ನು ಇತಿಹಾಸದ ಸೆರೆಯಾಳು ಎಂದು ಕರೆದರು.

ಪ್ಲೇಟೊನ ‘ಮೆನೆಕ್ಸೆನಸ್’ ಸಂವಾದದಲ್ಲಿ ಸಾಕ್ರೆಟಿಸ್ ತನಗೆ ಭಾಷಣಕಲೆ ಕಲಿಸಿದವಳು ಅಸ್ಪೇಸಿಯಾ ಎನ್ನುತ್ತಾನೆ. ಮಡಿದ ಯೋಧರಿಗಾಗಿ ಪೆರಿಕ್ಲೀಸ್ ಮಾಡಿದ ಹೆಸರಾಂತ ಭಾಷಣವನ್ನು ಹೆಣೆದವಳೂ ಆಕೆಯೇ ಎನ್ನುತ್ತಾನೆ. ಇದು ಪ್ಲೇಟೊನ ಅಣಕ ಎನ್ನುವ ಪಂಡಿತರಿದ್ದಾರೆ. ಅಣಕವೇ ಇರಲಿ, ಮಾತು ಬಾರದವಳ ಮಾತುಗಾರಿಕೆಯನ್ನು ಯಾರು ತಾನೇ ಅಣಕಿಸುತ್ತಾರೆ?

ಅದೇ ಭಾಷಣವನ್ನು ದಾಖಲಿಸಿದ ಥುಸಿಡಿಡೀಸನ ಪ್ರಕಾರ ಪೆರಿಕ್ಲೀಸ್ ವಿಧವೆಯರಿಗೆ ಹೇಳಿದ ಬುದ್ಧಿಮಾತೊಂದಿದೆ: ಹೊಗಳಿಕೆಗಾಗಲಿ ತೆಗಳಿಕೆಗಾಗಲಿ ಗಂಡಸರ ಬಾಯಿಗೆ ಬೀಳದಿರುವುದೇ ಹೆಣ್ಣಿಗೆ ಹಿರಿಮೆ. ಥುಸಿಡಿಡೀಸ್ ತನ್ನ ಚರಿತ್ರೆಯಲ್ಲಿ ಅಸ್ಪೇಸಿಯಾಳ ಹೆಸರನ್ನೇ ಎತ್ತಲಿಲ್ಲ. ಬೈದವರು, ಮೆಚ್ಚಿದವರು ಎತ್ತಿದರು. ಅವರಿಬ್ಬರೂ ಒಪ್ಪುವ ಸಂಗತಿ ಒಂದೇ: ಆಕೆ ಮಾತನಾಡಿದಳು, ಅಥೆನ್ಸ್ ಕೇಳಿಸಿಕೊಂಡಿತು.