ಪಾತಾಳದಿಂದ ದನಿ ಮೇಲೆ ಬರೋದು ಹೇಗೆ?

ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. 2001ರ ಫೆಬ್ರವರಿ 28ರಂದು ಬೀಗ ಬೀಳುವ ತನಕ ಎಷ್ಟೋ ಮನೆಯ ಗಂಡಸರು ದಿನಾ ಇಳಿದು ಹತ್ತಿದ ಪಾತಾಳ ಅದು. ಆಳು ಇಳಿಸುವ ಕೇಜಿಗೆ ಭಾಷೆ ಅಂದರೆ ಗಂಟೆ. ನಿಂತ ಕೇಜಿಗೆ ಒಂದು ಬಡಿತ ಅಂದರೆ ಮೇಲಕ್ಕೆ, ಎರಡು ಅಂದರೆ ಕೆಳಕ್ಕೆ, ಮೂರು ಅಂದರೆ ಆಳುಗಳು ಹತ್ತುತ್ತಾರೆ, ಜೋಕೆ! ಓಡುತ್ತಿರುವ ಕೇಜಿಗೆ ಒಂದೇ ಬಡಿತ: ನಿಲ್ಲು.

ಯಾಕೆ, ರೇಡಿಯೋ ಇರಲಿಲ್ಲವೇ ಅಂತ ಈಗಿನ ಹುಡುಗರು ಕೇಳಿಯಾರು. ಲಿಫ್ಟಿನೊಳಗೆ ಹೊಕ್ಕರೆ ಮೊಬೈಲು ಕಟ್ ಆಗುತ್ತೆ, ಸಾವಿರಾರು ಅಡಿ ಬಂಡೆ ಸುಮ್ಮನೆ ಬಿಟ್ಟೀತೇ ಸ್ವಾಮಿ?

ಇದಕ್ಕೆ ಕಂಡುಕೊಂಡ ಉಪಾಯ ಸೋರುವ ಕೇಬಲ್ಲು. ಹೊರಗವಚದಲ್ಲಿ ಬೇಕೆಂದೇ ಸಂದು ಬಿಟ್ಟ ತಂತಿ. ತೂತು ಬಿದ್ದ ನೀರಿನ ಪೈಪಿನ ಹಾಗೆ ಉದ್ದಕ್ಕೂ ರೇಡಿಯೋ ಅಲೆ ಸೋರಿಸುತ್ತೆ. ಸುರಂಗದ ಸೂರಿಗೆ ಕಟ್ಟಿದರೆ ಕೆಳಗಿದ್ದವನ ವಾಕಿ-ಟಾಕಿ ಮಾತಾಡುತ್ತೆ. ರೇಡಿಯೋ ಕೊಂಡಿಯನ್ನೇ ನಂಬಿ, ಮೇಲೆ ಕುರ್ಚಿಯಲ್ಲಿ ಕೂತು ಕೆಳಗಿನ ಅದಿರು ತುಂಬುವ ಯಂತ್ರ ಓಡಿಸುವುದೂ ಈಗ ಇದೆ. ಸಂಕೇತ ತಪ್ಪಿದರೆ ಯಂತ್ರ ತಾನೇ ನಿಂತುಬಿಡುತ್ತೆ. ಮನುಷ್ಯ ಹಾಗೆ ನಿಲ್ಲೋಕಾಗುತ್ತಾ?

ಆದರೆ ಸೂರು ಕುಸಿದ ದಿನ ಮೊದಲು ಹರಿಯುವುದೇ ಆ ತಂತಿ.

ಅಮೆರಿಕದ ಪಶ್ಚಿಮ ವರ್ಜೀನಿಯಾದ ಸೇಗೋ ಕಲ್ಲಿದ್ದಲು ಗಣಿಯಲ್ಲಿ 2006ರ ಜನವರಿ 2ರಂದು ಸ್ಫೋಟವಾಯಿತು. 13 ಮಂದಿ ಒಳಗೆ ಸಿಕ್ಕಿಬಿದ್ದರು. ಒಬ್ಬ ಆಗಲೇ ಸತ್ತ. ಮಿಕ್ಕವರು ಸೂರಿನ ಬೋಲ್ಟನ್ನು ಸುತ್ತಿಗೆಯಿಂದ ಬಡಿದೇ ಬಡಿದರು. ಮೇಲಿನಿಂದ ಉತ್ತರವಿಲ್ಲ! ಸುಮಾರು 41 ಗಂಟೆ ಕಳೆದು ಹುಡುಕುವ ತಂಡ ಮುಟ್ಟಿತು. ಮುಖವಾಡ ತೊಟ್ಟವರ ಮಾತು ಒಬ್ಬರಿಂದೊಬ್ಬರಿಗೆ ದಾಟಿ ಮೇಲೆ ಬರುವಷ್ಟರಲ್ಲಿ ತಿರುಚಿಹೋಗಿ, ‘12 ಮಂದಿ ಬದುಕಿದ್ದಾರೆ’ ಅಂತ ಆಯಿತು. ಚರ್ಚಿನಲ್ಲಿ ಕಾದಿದ್ದ ಮನೆಯವರು ಕುಣಿದಾಡಿದರು. ಮೂರು ಗಂಟೆಯ ಬಳಿಕ ನಿಜ ತಿಳಿಯಿತು: ಬದುಕಿದ್ದವನು ಒಬ್ಬನೇ. ಆ ಮೂರು ಗಂಟೆಯನ್ನು ಯಾವ ತಾಯಿ ಮರೆತಾಳು?

ಅದೇ ವರ್ಷ ಅಲ್ಲಿ ಕಾನೂನು ಬಂತು. ಮೂರು ವರ್ಷದೊಳಗೆ ಕಲ್ಲಿದ್ದಲು ಗಣಿಗಳು ತಂತಿ ನೆಚ್ಚದ ಸಂಪರ್ಕಕ್ಕೆ ಯೋಜನೆ ಕೊಡಬೇಕು, ಒಳಗೆ ಯಾರು ಎಲ್ಲಿದ್ದಾರೆ ಅನ್ನೋದು ಮೇಲೆ ಗೊತ್ತಿರಬೇಕು ಅಂತ. ಸಾವಾದ ಮೇಲೇ ಕಾನೂನು, ಅಲ್ಲೂ ಇಲ್ಲಿನ ಹಾಗೇ.

ನಮ್ಮ ರಾಯಚೂರು ಸೀಮೆಯ ಹಟ್ಟಿ ಗಣಿಗೆ ಜನ ಇವತ್ತೂ ಪಾಳಿ ಪಾಳಿಯಾಗಿ ಇಳಿಯುತ್ತಾರೆ. ಹಾಗಾಗಿ ಇದು ದೂರದ ಸುದ್ದಿಯಲ್ಲ.

ಬಂಡೆಯನ್ನೇ ತೂರಿ ಬರುವ ರೇಡಿಯೋನೂ ಇದೆ. ತೀರಾ ನಿಧಾನದ ಅಲೆ, ದೊಡ್ಡ ಸುತ್ತಿನ ತಂತಿ ಹಾಸಬೇಕು, ಕೆಲವು ನೂರು ಮೀಟರಿನ ಆಟ ಅಷ್ಟೇ. ಹರಟೆ ಹೊಡೆಯೋಕಾಗಲ್ಲ, ಒಂದೆರಡು ಸಾಲು ಹೋದರೆ ಹೆಚ್ಚು. ‘ಇದ್ದೀವಿ, ಇಂಥ ಕಡೆ’ ಅನ್ನೋಕೆ ಅಷ್ಟು ಸಾಕು.