ರಿಯುಲ್ ಕಲಿಸಹೋಗಿ ನಾನು ಮಾಡಿದ ತಪ್ಪು

ಪ್ರಶಿಕ್ಷಣಾರ್ಥಿಗಳನ್ನು ಅಭ್ಯಾಸ ಬೋಧನೆಗೆ ಕಳುಹಿಸುವ ಮೊದಲು, ಅವರಿಗೆ ಗೊತ್ತಿಲ್ಲದ ಲಿಪಿಯೊಂದನ್ನು ನಾನು ಒಂದು ಅವಧಿ ಕಲಿಸುತ್ತೇನೆ. ಒಂದನೇ ತರಗತಿಯ ಮಗುವಿನ ಪಾಡು ಅವರಿಗೆ ನೆನಪಾಗಲಿ ಎಂದು. ಈ ಬಾರಿ ಆರಿಸಿಕೊಂಡದ್ದು ಕೊರಿಯನ್ ಲಿಪಿಯ ರಿಯುಲ್ ಎಂಬ ವ್ಯಂಜನ. ಮೂಲೆ ಮೂಲೆಯಾಗಿ ಬರೆದ 2ರ ಅಂಕಿಯಂತೆ ಕಾಣುತ್ತದೆ.

ಕಪ್ಪುಹಲಗೆಯ ಮೇಲೆ ಅದನ್ನು ಬರೆದು ಪಕ್ಕದಲ್ಲಿ ‘ರ’ ಎಂದು ಬರೆದೆ. ‘ನಾರಾ’ ಎಂದರೆ ದೇಶ, ‘ಸಾರಾಮ್’ ಎಂದರೆ ಮನುಷ್ಯ. ಎರಡನ್ನೂ ಸರಿಯಾಗಿ ಓದಿದರು. ಮುಂದೆ ನೀರು ಎಂಬರ್ಥದ ಪದ ಬರೆದೆ. ಎಲ್ಲರೂ ‘ಮುರ್’ ಎಂದರು. “ತಪ್ಪು, ಅದು ಮುಲ್” ಎಂದೆ.

“ರ ಅಂತ ನೀವೇ ಹೇಳಿಕೊಟ್ರಲ್ಲ ಮೇಡಂ?” ಎಂದಳು ಹಿಂದಿನ ಬೆಂಚಿನ ಒಬ್ಬಾಕೆ.

ಅವಳ ಮಾತು ನಿಜ. ರಿಯುಲ್ ‘ರ’ವೂ ಅಲ್ಲ, ‘ಲ’ವೂ ಅಲ್ಲ, ಇರುವ ಜಾಗ ನೋಡಿಕೊಂಡು ಎರಡೂ ಆಗುತ್ತದೆ. ಎರಡು ಸ್ವರಗಳ ನಡುವೆ ನಾಲಿಗೆಯ ತುದಿ ಒಮ್ಮೆ ತಾಗಿ ಬಿಡುತ್ತದೆ, ‘ರ’ ಕೇಳುತ್ತದೆ. ಪದದ ಕೊನೆಯಲ್ಲಿ ನಾಲಿಗೆ ಅಲ್ಲೇ ನಿಲ್ಲುತ್ತದೆ, ‘ಲ್’ ಕೇಳುತ್ತದೆ. ಎರಡು ರಿಯುಲ್ ಕೂಡಿದರೆ ‘ಲ್ಲ’. ಹೀಗಾಗಿ ‘ಮುಲ್’ ಪದಕ್ಕೆ ಕರ್ತೃವನ್ನು ಸೂಚಿಸುವ ‘ಇ’ ಸೇರಿದರೆ ‘ಮುರಿ’, ‘ನೀರಿನಿಂದ’ ಎನ್ನಲು ‘ಮುಲ್ಲೊ’. (‘ಮುರಿ’ ಎಂದಾಗ ತರಗತಿ ನಕ್ಕಿತು. ನಗಲಿ, ಪದ ನೆನಪಿರುತ್ತದೆ.) ಉಚ್ಚಾರ ಎಷ್ಟು ಬದಲಾದರೂ ಬರವಣಿಗೆಯಲ್ಲಿ ಅಕ್ಷರ ಒಂದೇ.

ನಮಗೆ ‘ಕರೆ’ ಬೇರೆ, ‘ಕಲೆ’ ಬೇರೆ. ಕೊರಿಯನ್ನಿನಲ್ಲಿ ಈ ವ್ಯತ್ಯಾಸದಿಂದ ಅರ್ಥ ಬದಲಾಗುವುದಿಲ್ಲ. ಆದ್ದರಿಂದ ಆ ಭಾಷೆಯವರ ಕಿವಿ ಎರಡನ್ನೂ ಒಂದೇ ಧ್ವನಿಯೆಂದು ಎಣಿಸುತ್ತದೆ. ಅವರು ಕನ್ನಡ ಕಲಿಯುವಾಗ ಈ ಎರಡು ಪದಗಳಲ್ಲಿ ತಡವರಿಸಿದರೆ ಅದು ಅಲಕ್ಷ್ಯವಲ್ಲ. ಮನೆಮಾತು ಬೇರೆಯಾದ ಮಗುವಿನ ಉಕ್ತಲೇಖನದಲ್ಲಿ ಕೆಂಪು ಗೆರೆ ಎಳೆಯುವಾಗ ನಾವು ಇಷ್ಟು ಯೋಚಿಸುತ್ತೇವೆಯೇ?

ನನಗೆ ಬೇಕಿದ್ದ ಬೋಧನೋಪಕರಣ ಅಕ್ಷರದ ಹೆಸರಿನಲ್ಲೇ ಇತ್ತು. ‘ರಿಯುಲ್’: ಮೊದಲಲ್ಲಿ ರ, ಕೊನೆಯಲ್ಲಿ ಲ್, ಎರಡೂ ಕಡೆ ಅದೇ ಅಕ್ಷರ. ರಾಜ ಸೆಜೊಂಗ್ 1446ರಲ್ಲಿ ಈ ಲಿಪಿಯನ್ನು ಪ್ರಕಟಿಸಿದ; 1527ರಲ್ಲಿ ಚೊಯ್ ಸೆಜಿನ್ ಎಂಬ ವಿದ್ವಾಂಸ ಮಕ್ಕಳಿಗೆ ಚೀನೀ ಅಕ್ಷರ ಕಲಿಸುವ ಪುಸ್ತಕದಲ್ಲಿ, ವ್ಯಂಜನ ಆರಂಭದಲ್ಲೂ ಅಂತ್ಯದಲ್ಲೂ ಹೇಗೆ ಕೇಳುತ್ತದೆಂದು ತೋರಿಸುವ ಇಂಥ ಹೆಸರುಗಳನ್ನು ಕೊಟ್ಟ. ಶಿಕ್ಷಕನ ಬುದ್ಧಿ ಅದು.

ಮರುದಿನ ‘ರ’ವನ್ನು ಬರೆಯಲೇ ಇಲ್ಲ. ಅಕ್ಷರದ ಹೆಸರನ್ನು ಮೂರು ಸಲ ಹೇಳಿಸಿ, ‘ಮುಲ್’ ಮತ್ತು ‘ಮುರಿ’ಯನ್ನು ಒಂದರ ಕೆಳಗೊಂದು ಬರೆದು, ಎಲ್ಲಿ ಏನು ಕೇಳುತ್ತದೆಂದು ಅವರನ್ನೇ ಕೇಳಿದೆ. ನಿಯಮವನ್ನು ಹೇಳಿದವಳು ಹಿಂದಿನ ಬೆಂಚಿನವಳೇ.