ಚಟ ಬಿಟ್ಟವನು ಈಗ ಯಾರು?

1971ರ ಬೇಸಿಗೆ. ವಿಯೆಟ್ನಾಂನಿಂದ ಮನೆಗೆ ಹೊರಟ ಅಮೆರಿಕದ ಸೈನಿಕರು ವಿಮಾನ ಹತ್ತುವ ಮುನ್ನ ಮೂತ್ರ ಪರೀಕ್ಷೆಗೆ ಸಾಲುಗಟ್ಟಬೇಕಿತ್ತು. ಹೆರಾಯಿನ್ ಅಂಶ ಸಿಕ್ಕಿತೋ, ಆ ವಿಮಾನ ತಪ್ಪಿತು. ಮೈಯಿಂದ ಅಮಲು ಇಳಿಯುವವರೆಗೆ ಅಲ್ಲೇ ವಾಸ. ವಿಯೆಟ್ನಾಂನಲ್ಲಿ ಹೆರಾಯಿನ್ ಅಗ್ಗ, ಶುದ್ಧ. ಸಿಗರೇಟಿಗೆ ಬೆರೆಸಿ ಸೇದಿದರಾಯಿತು, ಸೂಜಿಯ ಹಂಗಿಲ್ಲ. ಸಾವಿರಾರು ವ್ಯಸನಿಗಳು ಒಟ್ಟಿಗೇ ಊರಿಗೆ ಬಂದಿಳಿದರೆ ಗತಿಯೇನು ಎಂದು ನಿಕ್ಸನ್ ಸರ್ಕಾರ ಬೆವರಿತ್ತು.

ಹಾಗಾಗಲಿಲ್ಲ. ಸೇಂಟ್ ಲೂಯಿಸ್‌ನ ಸಂಶೋಧಕಿ ಲೀ ರಾಬಿನ್ಸ್ ಮತ್ತು ಅವರ ತಂಡ ಮರಳಿ ಬಂದ ಸುಮಾರು 900 ಸೈನಿಕರನ್ನು ಹುಡುಕಿ ಮಾತಾಡಿಸಿತು. ಯುದ್ಧಭೂಮಿಯಲ್ಲಿ ಐವರಲ್ಲೊಬ್ಬ ವ್ಯಸನಿಯಾಗಿದ್ದ. ಅಂಥವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ವ್ಯಸನಕ್ಕೆ ಬಿದ್ದವರು ಶೇ 5ರಷ್ಟು ಮಾತ್ರ. ಮೂರು ವರ್ಷಗಳ ಲೆಕ್ಕ ಹಿಡಿದರೂ ಶೇ 12. ಅದೇ ಕಾಲದಲ್ಲಿ ಕೆಂಟುಕಿಯ ಲೆಕ್ಸಿಂಗ್ಟನ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿಸಿ ಹೊರಬಂದವರಲ್ಲಿ ಬಹುಪಾಲು ಜನ ಹೆರಾಯಿನ್‌ಗೇ ಮರಳುತ್ತಿದ್ದರು.

ಸೈನಿಕನಿಗಾಗಿ ಊರಲ್ಲಿ ಅವನ ಹಳೆಯ ಗುರುತುಗಳು ಕಾದಿದ್ದವು: ಮಗ, ಗಂಡ, ಗ್ಯಾರೇಜಿನ ಕೆಲಸಗಾರ. ಲೆಕ್ಸಿಂಗ್ಟನ್‌ನಿಂದ ಹೊರಟವನು ಇಳಿಯುತ್ತಿದ್ದದ್ದು ತನ್ನನ್ನು ವ್ಯಸನಿಯೆಂದೇ ಬಲ್ಲ ಬೀದಿಗೆ. ಈ ಕಥೆಯನ್ನು ತೀರಾ ಸರಳ ಮಾಡಿ ಹೇಳುವವರೂ ಇದ್ದಾರೆ. ಅಮೆರಿಕದಲ್ಲಿ ಹೆರಾಯಿನ್ ದುಬಾರಿಯಾಗಿತ್ತು, ಕಲಬೆರಕೆಯಾಗಿತ್ತು, ಅದೂ ಲೆಕ್ಕಕ್ಕೆ ಬರಬೇಕು. ಊರಿಗೆ ಬಂದ ಮೇಲೂ ಒಮ್ಮೊಮ್ಮೆ ಸೇದಿದವರು ಕಡಿಮೆಯೇನಲ್ಲ. ಆದರೆ ಅದರಲ್ಲೇ ಮುಳುಗಿದವರು ಕೆಲವರೇ.

ಮೈಯನ್ನು ನಶೆಯಿಂದ ಬಿಡಿಸುವುದು ಕೆಲವು ದಿನ, ಹೆಚ್ಚೆಂದರೆ ವಾರಗಳ ಕೆಲಸ. ಆಮೇಲೆ ಎದುರಾಗುವ ಪ್ರಶ್ನೆ ಬೇರೆ. ಬೆಳಿಗ್ಗೆ ಎದ್ದ ಕೂಡಲೇ ದುಡ್ಡು ಹೊಂಚುವುದು, ಮಾಲು ಹುಡುಕುವುದು, ಜತೆಗಾರರನ್ನು ಸೇರುವುದು ಇಷ್ಟರಲ್ಲೇ ದಿನ ಕಳೆದವನಿಗೆ ಅದಷ್ಟೂ ಕಳಚಿ ಬಿದ್ದಾಗ ಉಳಿಯುವುದೇನು? ಸ್ಕಾಟ್ಲೆಂಡ್‌ನಲ್ಲಿ ಜೇಮ್ಸ್ ಮೆಕಿಂಟಾಶ್ ಮತ್ತು ನೀಲ್ ಮೆಕೆಗನಿ, ಚಟ ಬಿಟ್ಟ 70 ಮಂದಿಯ ಮಾತನ್ನು ದಾಖಲಿಸಿ 2000ದಲ್ಲಿ ಪ್ರಕಟಿಸಿದರು. ತಾನು ಏನಾಗಿಬಿಟ್ಟೆನಲ್ಲ ಎಂಬ ಹೇಸಿಗೆ ಅವರಲ್ಲಿ ಮತ್ತೆ ಮತ್ತೆ ಕೇಳಿಬಂತು. ವ್ಯಸನಿಯಲ್ಲದ ಇನ್ನೊಬ್ಬನನ್ನು ತಮ್ಮೊಳಗೆ ಅವರು ಕಟ್ಟಿಕೊಳ್ಳುತ್ತಿದ್ದರು.

1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ, ಚಟ ಬಿಡುವವರ ಬಳಗವಾದ ನಾರ್ಕೋಟಿಕ್ಸ್ ಅನಾನಿಮಸ್‌ನ ದಾರಿ ಇದಕ್ಕೆ ತಿರುವುಮುರುವು. ಅಲ್ಲಿ ಹತ್ತು ವರ್ಷ ಮುಟ್ಟದವನೂ ‘ನಾನೊಬ್ಬ ವ್ಯಸನಿ’ ಎಂದೇ ಮಾತು ಶುರುಮಾಡುತ್ತಾನೆ. ಹೊಸಬನಿಗೆ ಬಿಳಿ ಕೀ ಟ್ಯಾಗ್. 30 ದಿನಕ್ಕೆ ಕಿತ್ತಳೆ, 60ಕ್ಕೆ ಹಸಿರು, 90ಕ್ಕೆ ಕೆಂಪು. ಬೀಗದ ಕೈಗೆ ನೇತುಹಾಕುವ ಪ್ಲಾಸ್ಟಿಕ್ ತುಂಡಷ್ಟೇ, ಆದರೆ ಅದು ಕೈಗೆ ಬರುವಾಗ ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಹಳೆಯ ಹೆಸರನ್ನೇ ಉಳಿಸಿಕೊಂಡರೂ ಅಲ್ಲಿ ಅದಕ್ಕೆ ಹೊಸ ಮರ್ಯಾದೆ. ಯಾವ ಹೆಸರಿಟ್ಟುಕೊಂಡ ಎಂಬುದಕ್ಕಿಂತ ಅದನ್ನು ಯಾರ ನಡುವೆ ನಿಂತು ಹೇಳುತ್ತಾನೆ ಎಂಬುದೇ ಮುಖ್ಯವಾಗಿ ಕಾಣುತ್ತದೆ.

ಕುಡಿತದ ಮಟ್ಟಿಗೆ ಕರ್ನಾಟಕದ ಹಳ್ಳಿಗಳು ಜತೆಗಾರರ ಈ ಮಹತ್ವವನ್ನು ಬಲ್ಲವು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಎಂಟು ದಿನಗಳಲ್ಲಿ ಮುಗಿಯುತ್ತವೆ. ಬಿಟ್ಟವರು ಆಮೇಲೂ ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಕುಡಿತ ಬಿಡಹೊರಟವರ ಮೇಲೆ ನಡೆದ ಅಧ್ಯಯನವೊಂದರ ಪ್ರಕಾರ, ಸ್ನೇಹವಲಯಕ್ಕೆ ಕುಡಿಯದವನೊಬ್ಬ ಸೇರಿದರೂ ಮುಂದಿನ ವರ್ಷ ಕುಡಿತದಿಂದ ದೂರ ಉಳಿಯುವ ಸಂಭವ ಶೇ 27ರಷ್ಟು ಹೆಚ್ಚುತ್ತದೆ. ಗಾಂಜಾ, ಮಾತ್ರೆ, ಇಂಜೆಕ್ಷನ್ ಬಿಟ್ಟ ಹುಡುಗನಿಗೆ ನಮ್ಮಲ್ಲಿ ಚಟವಿಲ್ಲದ ಅಂಥ ಒಬ್ಬ ಗೆಳೆಯ ಸಿಗುವುದೇ ಕಷ್ಟ. ಮಗ ವ್ಯಸನಮುಕ್ತಿ ಕೇಂದ್ರದಿಂದ ಬಂದ ದಿನವೇ ಬೀರುವಿಗೆ ಹೊಸ ಬೀಗ ಬಿದ್ದಿರುತ್ತದೆ. ಮನೆಯವರ ಭಯಕ್ಕೆ ಕಾರಣವಿಲ್ಲದಿಲ್ಲ, ನಿಜ.

ಕಾನೂನು ಈ ವಿಷಯದಲ್ಲಿ ಮನೆಗಿಂತ ತುಸು ಉದಾರಿ. 1985ರ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯ 64ಎ ಕಲಂ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಸೇರಿದರೆ ಮೊಕದ್ದಮೆಯಿಂದ ವಿನಾಯಿತಿಯುಂಟು. ಅರ್ಧಕ್ಕೆ ಬಿಟ್ಟರೆ ಅದನ್ನು ಹಿಂತೆಗೆದುಕೊಳ್ಳಬಹುದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14446. ವ್ಯಸನಿಯೇ ಕರೆ ಮಾಡಬೇಕೆಂದಿಲ್ಲ. ಬೀರುವಿಗೆ ಬೀಗ ಹಾಕಿದ ಅಮ್ಮನೂ ಮಾಡಬಹುದು.